ಹೊಳೆಬಾಗಿಲಲ್ಲಿ ಇಳಿದವಳು

೧

ಹೇಗೆ ಶುರು ಮಾಡಲಿ? "ಸಂಜೆಯ ಕೊನೆಯ ಲಾಂಚ್ ಹೊರಡುವುದರಲ್ಲಿತ್ತು" ಎಂದು ಶುರು ಮಾಡಿದ್ದೆ. ವಾಕ್ಯ ಚೆನ್ನಾಗಿಯೇ ಇತ್ತು. ಆದರೆ ಈಗ ಅದು ಸುಳ್ಳು. ಶರಾವತಿ ಹಿನ್ನೀರಿಗೆ ಸೇತುವೆ ಬಂದಾಯಿತು, ಹೊಳೆಬಾಗಿಲಿನ ಲಾಂಚ್ ನಿಂತಾಯಿತು. ನನ್ನ ಕಥೆ ಮಾತ್ರ ಇನ್ನೂ ದಡದಲ್ಲೇ ನಿಂತು ಲಾಂಚ್ ಕಾಯುತ್ತಿದೆ.

ಹೊಡೆದು ಹಾಕಿದೆ. ಎರಡನೆಯ ಶುರು: "ಪ್ರೀತಿ ಎಂದರೇನು?" (ಇಂಥ ವಾಕ್ಯ ಕಂಡರೆ ನೀವು ಪುಟ ತಿರುಗಿಸುತ್ತೀರಿ. ಬೇಜಾರಿಲ್ಲ, ನಾನೂ ತಿರುಗಿಸುತ್ತೇನೆ.)

೨

ಹಾಗಾದರೆ ಜನರನ್ನೇ ಕರೆಯೋಣ. ಹೇಮಾವತಿ, ಸಾಗರದ ಒಂದು ಶಾಲೆಯಲ್ಲಿ ಟೀಚರ್. ಮನೆ ಹಿನ್ನೀರಿನ ಆಚೆ, ತುಮರಿ ಕಡೆ. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ. ಯಾಕೆಂದು ನೀವು ಕೇಳುವುದು ಬೇಡ, ಊರವರೆಲ್ಲ ಕೇಳಿ ಸುಸ್ತಾಗಿ ಬಿಟ್ಟಿದ್ದಾರೆ.

ಉಮೇಶ್, ಲಾಂಚಿನಲ್ಲಿ ಹಗ್ಗ ಕಟ್ಟುವವನು, ಬಿಚ್ಚುವವನು. ಇವನಿಗೂ ಮದುವೆಯಾಗಿಲ್ಲ. (ನಮ್ಮ ಕಡೆ ಗಂಡುಗಳಿಗೆ ಹೆಣ್ಣು ಸಿಗದಿರುವುದು ಬೇರೆಯೇ ಕಥೆ. ಅದನ್ನು ಯಾರಾದರೂ ಗಂಡಸರು ಬರೆದುಕೊಳ್ಳಲಿ.)

ನಾನು, ಇದನ್ನು ಬರೆಯುತ್ತಿರುವವಳು. ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರೀತಿಯ ಕಥೆ ಬರೆಯುವುದರಲ್ಲಿ ಎತ್ತಿದ ಕೈ ಎಂದು ಎರಡು ವಾರಪತ್ರಿಕೆಗಳು ಹೇಳಿವೆ. ಪಾತ್ರಗಳು ಇನ್ನೂ ಹೇಳಿಲ್ಲ.

೩

ಕಥೆಯ ಮೊದಲ ಕರಡು ಹೀಗಿತ್ತು.

ಲಾಂಚ್ ಇದ್ದ ಕಾಲದಲ್ಲಿ ಬಸ್ಸು ಹೊಳೆಬಾಗಿಲಿಗೆ ಬಂದು ನಿಂತ ಕೂಡಲೇ ಜನರೆಲ್ಲ ಇಳಿಯಬೇಕು. ಖಾಲಿ ಬಸ್ಸು ಲಾಂಚ್ ಏರಬೇಕು, ಹಿಂದೆ ಜನ ನಡೆದು ಹತ್ತಬೇಕು. ಕೊನೆಯ ಲಾಂಚ್ ತಪ್ಪಿದರೆ ಈಚೆ ದಡದಲ್ಲಿ ನೆಂಟರನ್ನು ಹುಡುಕಿಕೊಳ್ಳಬೇಕು. ಶಾಲೆಯ ಮೀಟಿಂಗ್ ಇದ್ದ ದಿನ ಹೇಮಾವತಿಗೆ ತಡವಾಗುತ್ತಿತ್ತು. ಅಂಥ ದಿನ ಉಮೇಶನಿಗೆ ಹಗ್ಗದ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಕೂತು ಎಳೆಯುತ್ತಿದ್ದ, ಎದ್ದು ನಿಂತು ಎಳೆಯುತ್ತಿದ್ದ. ಜೀಪಿನವರು ಬೈಯುತ್ತಿದ್ದರು. ದೂರದ ತಿರುವಿನಲ್ಲಿ ಅವಳ ಬಸ್ಸು ಕಂಡ ಮೇಲೆ ಗಂಟು ತಾನಾಗಿ ಸಡಿಲವಾಗುತ್ತಿತ್ತು.

ಲಾಂಚಿನ ಹೆಂಗಸರೆಲ್ಲ ಅವನನ್ನು "ಉಮೇಶಣ್ಣ" ಎನ್ನುತ್ತಿದ್ದರು. ಅವಳೊಬ್ಬಳು ಒಂದು ದಿನವೂ ಅಣ್ಣ ಎನ್ನಲಿಲ್ಲ. "ಇವ್ರೇ, ಸ್ವಲ್ಪ ಸರೀರಿ" ಎನ್ನುತ್ತಿದ್ದಳು, ಅಷ್ಟೇ. ಅವನು "ಬನ್ನಿ ಟೀಚರ್" ಎನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಅವರ ನಡುವೆ ನಡೆದ ಮಾತುಕತೆ ಇಷ್ಟೇ.

ಇಲ್ಲಿಗೆ ನಿಲ್ಲಿಸಿ ನಾನು ಸೇತುವೆಯ ಮೇಲೆ ಒಂದು ಪ್ಯಾರಾ ಬರೆದೆ. ಸೇತುವೆ ಬಂತು, ಕಾಯುವಿಕೆ ಸತ್ತಿತು, ಕಾಯುವಿಕೆಯ ಜೊತೆ ಪ್ರೀತಿಯೂ. ಓದಿ ನನಗೇ ಕಣ್ಣು ತುಂಬಿತು.

೪

"ಅಕ್ಕಾ, ಆ ಪ್ಯಾರಾ ತೆಗೀರಿ," ಎಂದಳು ಹೇಮಾವತಿ.

ಯಾಕಮ್ಮ?

"ಸೇತುವೆ ಬಂದಿದ್ದು ತಪ್ಪಾಯ್ತು ಅಂತ ನನ್ನ ಬಾಯಲ್ಲಿ ಹೇಳಿಸ್ತಿದ್ದೀರಿ. ನಮ್ಮ ದೊಡ್ಡಕ್ಕ ಹೆರಿಗೆ ನೋವಲ್ಲಿ ಆಚೆ ನಮ್ಮ ದಡದಲ್ಲಿ ಲಾಂಚಿಗೆ ಬೆಳಗಾಗೋದನ್ನೇ ಕಾಯ್ತಾ ಕೂತಿದ್ಲು. ಕಾಯೋದು ಅಂದ್ರೆ ನಮಗೆ ಅದು. ನಿಮಗೆ ಕಥೆ."

ಆದರೆ ಪ್ರೀತಿಗೆ ಒಂದು ಅಡ್ಡಿ ಬೇಕಲ್ಲ, ಅಡ್ಡಿ ಇಲ್ಲದೆ ಕಥೆ ನಿಲ್ಲುವುದಾದರೂ ಹೇಗೆ ಎಂದೆ. ಹೊಳೆಯೋ ಜಾತಿಯೋ ಸಾವೋ, ಏನಾದರೊಂದು ನಡುವೆ ಇರಬೇಕು. ಕಥೆಗಾರರು ಮೊದಲಿನಿಂದ ಮಾಡಿಕೊಂಡು ಬಂದಿರುವುದೇ ಅದು.

"ಅಂದ್ರೆ ನಾವು ಸೇರಿದ್ರೆ ನಿಮಗೆ ಕೆಲಸ ಇಲ್ಲ. ಹೌದೋ ಅಲ್ವೋ?"

(ಕಾಫಿ ಕಾಯಿಸಲು ಎದ್ದು ಹೋದೆ.)

೫

ಆಮೇಲೆ ನಡೆದದ್ದು ಇದು. ಇದನ್ನು ನಾನು ಕಟ್ಟಲಿಲ್ಲ, ಪಾತ್ರಗಳೇ ನನಗೆ ಹೇಳದೆ ಮುಂದೆ ಹೋದವು.

ಶನಿವಾರ ಹೇಮಾವತಿ ಮನೆಗೆ ಹೊರಟಿದ್ದಳು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಅವಳೂರಿನ ಬೆಳ್ಳಮ್ಮ ಬಂದು ಕೂತಳು, ಸಂತೆಚೀಲ ತೊಡೆಯ ಮೇಲಿಟ್ಟುಕೊಂಡು.

"ಕೇಳ್ದೇನೇ ಹೇಮಾ? ಉಮೇಶನ್ನ ಹಸಿರುಮಕ್ಕಿ ಲಾಂಚಿಗೆ ಹಾಕ್ಯಾರಂತೆ. ನಾಳೆ ಬೆಳಿಗ್ಗೆ ಹೊಂಟ. ಅಲ್ಲೂ ಸೇತುವೆ ಕಟ್ತಾವ್ರಂತೆ, ಪಾಪ. ಅದಾದ್ಮೇಲೆ ಎಲ್ಲಿಗೆ ಕಳಿಸ್ತಾರೋ."

ಹೇಮಾವತಿ "ಹೌದಾ" ಎಂದಳು. ಕಿಟಕಿಯ ಕಡೆ ತಿರುಗಿದಳು.

ಸೇತುವೆ ಬಂದ ಮೇಲೆ ಅವಳು ಅವನನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡುತ್ತಿದ್ದಳು. ದಡಕ್ಕೆ ಕಟ್ಟಿ ಹಾಕಿದ ಲಾಂಚನ್ನು ಕಾಯುವ ಕೆಲಸ ಅವನದ್ದು. ಬಸ್ಸು ಸೇತುವೆ ಹತ್ತುವ ಹೊತ್ತಿಗೆ ಎದ್ದು ನಿಂತಿರುತ್ತಿದ್ದ, ದಿನವೂ. ನಾಳೆಯಿಂದ ಅದೂ ಇಲ್ಲ. ನಾಳೆಯಿಂದ ಅವಳಿಗೆ ಬರೀ ನೀರು.

೬

ಪತ್ರಿಕೆಗೆ ಕಳಿಸುವ ದಿನ ಹತ್ತಿರ ಬಂತು. ಮೂರು ಮುಕ್ತಾಯ ಬರೆದಿಟ್ಟೆ.

ಅ) ಅವಳು ಇಳಿಯುವುದಿಲ್ಲ. ಬಸ್ಸು ಸೇತುವೆ ದಾಟುತ್ತದೆ. ಹಿನ್ನೀರಿನ ಮೇಲೆ ಸಂಜೆಯ ಬೆಳಕು ಇತ್ಯಾದಿ. (ಸಂಪಾದಕರಿಗೆ ಇದೇ ಇಷ್ಟವಾಗುತ್ತದೆ, ನನಗೆ ಗೊತ್ತು.)

ಆ) ಅವಳು ಇಳಿಯುತ್ತಾಳೆ, ಅವನು ಆಗಲೇ ಹೋಗಿರುತ್ತಾನೆ. (ಇದು ಪ್ರಶಸ್ತಿಗೆ.)

ಇ) ಮದುವೆ. ನೆಲಕ್ಕೆ ಸಗಣಿ ಸಾರಿಸಿ, ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆದು, ಇಬ್ಬರನ್ನೂ ಅದರ ಮುಂದೆ ಕೂರಿಸುವುದು. (ನಗಬೇಡಿ. ಇದೊಂದನ್ನು ಮಾತ್ರ ಶುದ್ಧ ಪ್ರತಿ ಮಾಡಿಟ್ಟೆ.)

ಮೂರನ್ನೂ ಹೇಮಾವತಿಗೆ ಓದಿ ಹೇಳಿದೆ. "ಮೂರರಲ್ಲೂ ನಾನು ಒಂದೇ ಒಂದು ಮಾತಾಡಿಲ್ವಲ್ಲ ಅಕ್ಕಾ," ಎಂದಳು.

೮

(ಏಳನೆಯದನ್ನು ಹರಿದು ಹಾಕಿದೆ. ಅದರಲ್ಲಿ ನಿರಂಜನ ಇದ್ದ. ನಿರಂಜನ ನಮ್ಮ ಎದುರು ಮನೆಯವನು. ನಾನು ಈವರೆಗೆ ಬರೆದ ಎಲ್ಲ ನಾಯಕರಿಗೂ ಅವನ ನಡಿಗೆ, ಅವನ ಕೆಮ್ಮು, ಅವನ ಹಾಗೆ ಗೇಟು ಹಾಕಿದ ಮೇಲೆ ಮತ್ತೊಮ್ಮೆ ತಳ್ಳಿ ನೋಡುವ ಅಭ್ಯಾಸ. ಅವನು ಕಥೆ ಓದುವುದಿಲ್ಲ. ಅವನು ಬೇಕು ಎನಿಸಿದಾಗಲೆಲ್ಲ ನಾನು ಒಂದು ಕಥೆ ಬರೆಯುತ್ತೇನೆ. ಈಚೆಗೆ ತುಂಬಾ ಬರೆಯುತ್ತಿದ್ದೇನೆ.)

ಹರಿದದ್ದನ್ನು ಹೇಮಾವತಿ ಹೇಗೆ ಓದಿದಳೋ ಗೊತ್ತಿಲ್ಲ.

"ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಬಸ್ಸು ಬದಲಾಯಿಸ್ಕೊಂಡು ನನ್ನ ಪ್ರೀತಿ ಬರಿಯಕ್ಕೆ ಇಲ್ಲಿ ತನಕ ಬರ್ತೀರಿ," ಎಂದಳು. "ಎದುರು ಮನೆಗೆ ಹೋಗಕ್ಕೆ ನಿಮಗೆಂತ, ಸೇತುವೆ ಬೇಕಾ?"

ಪಾತ್ರಗಳಿಗೆ ಸಲುಗೆ ಕೊಡಬಾರದು ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

೯

ಆ ಶನಿವಾರದ ಬಸ್ಸು ಹೊಳೆಬಾಗಿಲಿಗೆ ಬಂತು. ಸೇತುವೆ ಏರುವ ಮೊದಲು ವೇಗ ತಗ್ಗಿತು. ಸೇತುವೆ ಆದ ಹೊಸತರಲ್ಲಿ ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಿದ್ದರು. ಬಸ್ಸು ನಿಧಾನವಾದ ಕೂಡಲೇ ಚೀಲ ಹಿಡಿದು ಎದ್ದು ಬಾಗಿಲಿಗೆ ಬರುತ್ತಿದ್ದರು, ಲಾಂಚಿಗೆ ಇಳಿಯಲು. ಕಂಡಕ್ಟರ್ ಕೂಗಿ ಕೂಗಿ ಕೂರಿಸುತ್ತಿದ್ದ. ಈಗ ಯಾರೂ ಏಳುವುದಿಲ್ಲ.

ಹೇಮಾವತಿ ಎದ್ದಳು.

"ಎಂತಕ್ಕೆ ಏಳ್ತೀಯೇ? ಸೇತುವೆ ಆಗೈತಲ್ಲೇ!" ಎಂದಳು ಬೆಳ್ಳಮ್ಮ.

"ಮರ್ತು ಹೋಯ್ತು ಬೆಳ್ಳಮ್ಮತ್ತೆ," ಎಂದು ಇಳಿದೇಬಿಟ್ಟಳು. ಬಸ್ಸಿನಲ್ಲಿ ನಕ್ಕರು. ಟೀಚರಿಗೂ ಮರೆವು ಬಂತು ಎಂದರು.

ನಾನೂ ಇಳಿದೆ, ಬರೆಯುವವಳು ಹಿಂದೆ ಬೀಳಬಾರದಲ್ಲ. ಬಸ್ಸು ಹೋಯಿತು. ಉಮೇಶ್ ಅಭ್ಯಾಸದಂತೆ ಎದ್ದು ನಿಂತಿದ್ದ. ಕಿಟಕಿಯಲ್ಲಿ ಕಾಣಬೇಕಾದವಳು ದಾರಿಯಲ್ಲಿ ನಡೆದು ಬರುವುದನ್ನು ನೋಡಿ ಕೈಯನ್ನು ಲುಂಗಿಗೆ ಒರೆಸಿಕೊಂಡ.

"ಟೀಚರ್, ಬಸ್ಸು ಹೋಯ್ತಲ್ಲ."

"ಹೋಗ್ಲಿ."

ಇಲ್ಲಿ ನಾನು ಹಿನ್ನೀರನ್ನು ವರ್ಣಿಸಬೇಕೆಂದಿದ್ದೆ. ಮುಳುಗಿದ ಊರುಗಳು, ನೀರಿನಿಂದ ಮೇಲೆದ್ದ ಒಣಮರಗಳು, ಎಲ್ಲ ಸಿದ್ಧವಿತ್ತು. ಹೇಮಾವತಿ ಸಮಯ ಕೊಡಲಿಲ್ಲ.

"ನೀವು ನಾಳೆ ಹೋಗ್ತೀರಂತೆ."

"ಹೂಂ. ಆರ್ಡರ್ ಬಂತು."

"ನೀವು ಹೋಗೋದು ನಂಗೆ ಇಷ್ಟ ಇಲ್ಲ. ಹೋಗ್ಲೇಬೇಕು ಅಂದ್ರೆ ಮನೆಗೆ ಬಂದು ಹೆಣ್ಣು ಕೇಳಿ ಹೋಗಿ. ನಂಗೆ ನೀವು ಬೇಕು. ಇದನ್ನ ಹೇಳಕ್ಕೇ ಇಳಿದಿದ್ದು, ಮರೆತಲ್ಲ."

(ಇದೇನು ಸಂಭಾಷಣೆ? ಒಂದು ಉಪಮೆ ಇಲ್ಲ, ಧ್ವನಿ ಇಲ್ಲ, ಅರ್ಧಕ್ಕೆ ನಿಂತ ಮಾತಿಲ್ಲ. ನಾನಾಗಿದ್ದರೆ ಅವಳ ಕೈಯಲ್ಲಿ ಆ ಹಗ್ಗದ ತುದಿ ಹಿಡಿಸುತ್ತಿದ್ದೆ, ಮೌನವಾಗಿ. ಓದುಗರು ತಾವೇ ಅರ್ಥ ಮಾಡಿಕೊಳ್ಳುತ್ತಿದ್ದರು. ಉಮೇಶನಿಗೆ ಅರ್ಥವಾಗುತ್ತಿತ್ತೋ ಇಲ್ಲವೋ.)

ಉಮೇಶನ ಮುಖ ಕೆಂಪಾಯಿತು. ಬಾಯಿ ತೆರೆದ. ಅವನೇನು ಹೇಳಬೇಕೆಂದು ನನ್ನ ಹತ್ತಿರ ನಾಲ್ಕು ಬಗೆಯಲ್ಲಿ ಇತ್ತು, ಒಂದನ್ನು ಆರಿಸಿ ಅವನ ಬಾಯಿಗೆ ಕೊಡಲು ಹೋದೆ.

"ಅಕ್ಕಾ," ಎಂದಳು ಹೇಮಾವತಿ ನನ್ನ ಕಡೆ ತಿರುಗಿ. "ಹಿಂದಿಂದ ಇನ್ನೊಂದು ಬಸ್ಸು ಬಂತು ನೋಡಿ. ನೀವು ಹತ್ತಿ."

ಮುಕ್ತಾಯ ಬೇಕಲ್ಲ ಮಾರಾಯ್ತಿ, ಎಂದೆ. ಓದುವವರು ಕೇಳುತ್ತಾರೆ.

"ಅವ್ರು ಎಂತ ಹೇಳ್ತಾರೆ ಅನ್ನೋದು ನನಗೊಬ್ಬಳಿಗೆ ಕೇಳಿದ್ರೆ ಸಾಕು."

ಹತ್ತಿದೆ. ಇನ್ನೇನು ಮಾಡಲಿ?

(ಸಂಖ್ಯೆ ಇಲ್ಲ)

ಬಸ್ಸು ಸೇತುವೆ ಏರಿತು. ಹಿಂದಿನ ಗಾಜಿಗೆ ಮುಖ ಒತ್ತಿ ನೋಡಿದೆ. ಮುಂದೆ ಏನಾಯಿತೆಂದು ನನ್ನನ್ನು ಕೇಳಬೇಡಿ. ಬರಹದಲ್ಲಿ ಹೊಂದಿಸಿ ಹೇಳಬಲ್ಲೆ, ಆದರೆ ಅದು ನನ್ನದಾಗುತ್ತದೆ, ಅವರದಲ್ಲ. ಅವನು ಒಪ್ಪಿದನೋ, ಹೆದರಿದನೋ, "ತಡ ಆಯ್ತು ಟೀಚರ್" ಎಂದನೋ ನನಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು. "ನಂಗೆ ನೀವು ಬೇಕು." ಈ ಮಾತನ್ನು ನನ್ನ ಇಷ್ಟು ಕಥೆಗಳಲ್ಲಿ ಒಬ್ಬಳೂ ಆಡಿಲ್ಲ, ನಾನು ಆಡಗೊಟ್ಟಿಲ್ಲ.

ಕಂಡಕ್ಟರ್ ಟಿಕೆಟ್ ಕೇಳಿದ. ಎಲ್ಲಿಗೆ ಎಂದ. ತಿರುಗಿ ಅವನಿಗೆ ಹೇಳಬೇಕಿತ್ತು, ನಾನು ಗಾಜಿನಿಂದ ಮುಖ ತೆಗೆಯಲಿಲ್ಲ. ದಡ ಸಣ್ಣದಾಗುತ್ತಾ ಹೋಯಿತು. ಇಷ್ಟು ವರ್ಷ ಮಾತಾಡದೇ ಇದ್ದವರು ಇಬ್ಬರೂ ಅಲ್ಲಿ ನಿಂತು ಇನ್ನೂ ಮಾತಾಡುತ್ತಲೇ ಇದ್ದರು.