ಗೋರಿ ಪೋರಿ, ಎಂಬತ್ತೆಂಟನೆಯ ಕಂತು

ಸಲೈನಿನ ಹನಿ ಬೀಳುವ ಮುಂಚೆ ಒಂದು ಗಳಿಗೆ ಉಬ್ಬಿ ನಿಲ್ಲುತ್ತದೆ, ಬೀಳಲೋ ಬೇಡವೋ ಎಂದು ಕೇಳಿದ ಹಾಗೆ, ಆಮೇಲೆ ಬೀಳುತ್ತದೆ, ಇನ್ನೊಂದು ಉಬ್ಬುತ್ತದೆ, ನೋಡುತ್ತ ಕೂತರೆ ತಲೆ ಕೆಡುತ್ತದೆ, ಬರಿಯಲೇ ಮಾಲ್ಯಾ ಎನ್ನುತ್ತಾನೆ ರಾಜರತ್ನ ದಿಂಬಿಗೆ ಒರಗಿ, ಇವತ್ತ ಐತವಾರ, ನನ್ನ ಪಾಳಿ ಐತಿ, ಆ ವಿನೋದ ಮುಂಜಾನಿಂದ ಮೂರು ಸಲ ಕೇಳ್ಯಾನ — ವಿನೋದ ನಮ್ಮ ಗ್ರೂಪಿನ ಯಜಮಾನ, ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವವನು, ಅವನ ಮುಖ ನಾವು ನೋಡಿಲ್ಲ, ಕೊರಿಯಾದ ಕಾಮಿಕ್ಸ್ ಓದುವ ಮುನ್ನೂರು ಮಂದಿಯನ್ನು ಮೊಬೈಲಿನಲ್ಲಿ ಕೂಡಿಹಾಕಿದ್ದಾನೆ, ಭಾನುವಾರಕ್ಕೊಬ್ಬರು ತಮಗೆ ಹಿಡಿಸಿದ ಒಂದು ಕಥೆಯನ್ನು ಉಳಿದವರಿಗೆ ಶಿಫಾರಸು ಮಾಡಬೇಕು, ಯಾಕೆ ಓದಬೇಕು ಹೇಳಬೇಕು, ಮುಂದೇನಾಗುತ್ತದೆ ಹೇಳಬಾರದು, ಹೇಳಿದವನನ್ನು ಹೊರಗೆ ಹಾಕುತ್ತಾರೆ, ಇರುವುದು ಅದೊಂದೇ ಕಾಯ್ದೆ — ರಾಜರತ್ನನ ಬಲಗೈ ಹೊಟ್ಟೆಯ ಮೇಲೆ ಬಿಳಿ ಗಂಟಾಗಿ ಕೂತಿದೆ, ತೋರುಬೆರಳು ಇಲ್ಲ, ನಡುಬೆರಳು ಇಲ್ಲ, ಉಂಗುರದ ಬೆರಳು ಅರ್ಧ, ಎಡಗೈಗೆ ಸೂಜಿ ಚುಚ್ಚಿ ಅಲ್ಲಾಡದಂತೆ ರಟ್ಟು ಕಟ್ಟಿದ್ದಾರೆ, ಅದಕ್ಕೇ ಮೊಬೈಲಿನಲ್ಲಿ ಬರೆಯುವ ಕೆಲಸ ನನ್ನದು, ನನ್ನ ಕಿಸೆಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ, ಅದರ ಕೊನೆಗೆ ಸಾಕ್ಷಿದಾರರ ಸಹಿ ಎಂದು ಬರೆದು ಬಿಟ್ಟ ಖಾಲಿ ಗೆರೆ, ನಾಳೆ ಮುಂಜಾನೆ ಎಂಟಕ್ಕೆ ಗುರುಶಿದ್ದಪ್ಪನ ಕೈಗೆ ಇಡಬೇಕು.

ಗುರುಶಿದ್ದಪ್ಪ, ತಾರಿಹಾಳದಲ್ಲಿ ತಗಡು ಒತ್ತುವ ನಮ್ಮ ಶೆಡ್ಡಿನ ಸೂಪರ್‌ವೈಜರ್, ಹಣೆಗೆ ಮೂರು ಪಟ್ಟೆ, ಬಾಯಿ ತುಂಬ ಎಲೆ ಅಡಿಕೆ, ಬಾರಪಾ ಮಾಲತೇಶ, ನೀ ಶಾಣ್ಯಾ ಇದ್ದೀ, ಎಂಟನೇತ್ತಕ್ಕ ಸಾಲಿ ಬಿಟ್ರೂ ಓದಾಕ ಬರತೈತಲ್ಲ, ಓದಿ ಒಂದು ಸಹಿ ಹೊಡಿ — ಓದಿದೆ, ಕೆಲಸಗಾರ ರಾಜರತ್ನನು ಬಲಗಡೆಯ ಗುಂಡಿಗೆ ತಾನೇ ಕಡ್ಡಿ ಸಿಗಿಸಿ, ಕೈಯಲ್ಲಿ ಮೊಬೈಲು ಹಿಡಿದು ಚಿತ್ರ ನೋಡುತ್ತ ಮಷೀನು ನಡೆಸಿದ್ದರಿಂದ, ಹಾಗೆಂದು ಟೈಪು ಮಾಡಿದ ಅಕ್ಷರ, ತಪ್ಪು ಅವನದೇ ಎಂದಾದರೆ ಶೆಡ್ಡಿನವರು ಕೈ ತೊಳೆದುಕೊಳ್ಳುತ್ತಾರೆ, ಅಂವನ ಮೊಬೈಲ್ ಚೀಲದಾಗ ಇತ್ತರಿ ಸಾಹೇಬ್ರ ಎಂದೆ, ನೀ ನೋಡೀಯೇನು, ನೋಡೇನ್ರಿ, ಹಂಗಾರ ಕಡ್ಡಿ ಯಾರು ಇಟ್ಟಾರ ಅದನ್ನೂ ನೋಡೀಯೇನು — ಅವನ ಆ ಕೆಂಪು ಹಲ್ಲನ್ನು ಒಂದೊಂದಾಗಿ ಉದುರಿಸಬೇಕು ಎನ್ನುತ್ತಿದ್ದ ನನ್ನ ಕೈ ಸುಮ್ಮನೆ ಕಾಗದ ಮಡಚಿತು, ಅವನು ನಕ್ಕ, ಅವನಿಗೆ ಗೊತ್ತಿದೆಯೋ ಇಲ್ಲವೋ, ಬೇಕಾದ್ದು ಒಂದು ಹೆಸರು ಅಷ್ಟೆ, ಸಿಕ್ಕ ಹೆಸರು ಹಾಸಿಗೆ ಹಿಡಿದಿದೆ, ಎದ್ದು ಬಂದು ಕೊರಳಪಟ್ಟಿ ಹಿಡಿಯುವುದಿಲ್ಲ, ಇವರ ಮಂದಿ ನೀಲಿ ಝಂಡಾ ಹಿಡಕೊಂಡು ಗೇಟಿಗೆ ಬರೂದ್ರಾಗ ಕಾಗದ ಪಕ್ಕಾ ಆಗಿರಬೇಕಪಾ, ತಿಳೀತಿಲ್ಲೋ, ಎಂದ, ತಿಳಿಯಿತು, ಎಲ್ಲಾ ತಿಳಿಯಿತು, ಯಾಕೆಂದರೆ ಕಡ್ಡಿ ಇಟ್ಟವನು ನಾನು. ಕುಲ್ಫಿ ಕಡ್ಡಿಯ ಒಂದು ಚೂರು, ಬೆರಳಿನ ಎರಡು ಗೆಣ್ಣಿನಷ್ಟು, ಪ್ರೆಸ್ಸಿಗೆ ಗುಂಡಿ ಎರಡು, ಎಡಕ್ಕೊಂದು ಬಲಕ್ಕೊಂದು, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಕಬ್ಬಿಣ ಬೀಳುತ್ತದೆ, ಕೈ ಎರಡೂ ಗುಂಡಿಯ ಮೇಲಿದ್ದರೆ ಒಳಗೆ ಸಿಗುವುದಕ್ಕೆ ಮೂರನೆಯ ಕೈ ಯಾರಿಗೂ ಇಲ್ಲ, ಆದರೆ ಬಲಗುಂಡಿ ಒತ್ತಿ ಸಂದಿಗೆ ಕಡ್ಡಿ ಸಿಗಿಸಿದರೆ ಅದು ಒತ್ತಿದಂತೆಯೇ ಕೂರುತ್ತದೆ, ಆಮೇಲೆ ಎಡಗೈ ಒಂದೇ ಸಾಕು, ಶೆಡ್ಡಿನಲ್ಲಿ ಎಲ್ಲರೂ ಮಾಡುತ್ತಾರೆ, ಮಾಲು ಹೆಚ್ಚು ಬೀಳುತ್ತದೆಂದು ಗುರುಶಿದ್ದಪ್ಪ ಕಂಡೂ ಕಾಣದಂತೆ ಹೋಗುತ್ತಾನೆ, ನಾನು ಮಾಡಿದ್ದು ಮಾಲಿಗಲ್ಲ, ಬಲಗೈಯಲ್ಲಿ ಕಾಮಿಕ್ಸ್ ಸರಿಸುವುದಕ್ಕೆ, ಎಂಬತ್ತೆಂಟನೆಯ ಕಂತು ಅಂದು ಮುಂಜಾನೆಯಷ್ಟೇ ಬಂದಿತ್ತು, ತಡೆಯಲಾಗಲಿಲ್ಲ, ನಾನು ಓದುವುದು ನಿಧಾನ, ಚಿತ್ರದ ಗುಳ್ಳೆಯೊಳಗಿನ ಒಂದು ಇಂಗ್ಲಿಷ್ ಮಾತು ಮುಗಿಯುವುದರಲ್ಲಿ ಮಷೀನು ನಾಲ್ಕು ಸಲ ಬಿದ್ದಿರುತ್ತದೆ, ಎರಡು ಗಂಟೆಗೆ ಪಾಳಿ ಮುಗಿಯಿತು, ಕೊನೆಯ ಚಿತ್ರದ ಮೇಲೆ ಕಣ್ಣಿಟ್ಟುಕೊಂಡೇ ಎದ್ದೆ, ರಾಜರತ್ನ ಬಂದು ಕೂತ, ಓದಿ ಮುಗಿಸಿದ್ಯೇನಲೇ, ಹೇಳಬ್ಯಾಡ ಮತ್ತ, ಇಲ್ಲಪಾ ಎಂದು ನಕ್ಕು ಚಹಾದ ಗಾಡಿಗೆ ಹೋದೆ — ಕಡ್ಡಿ ಸಿಗಿಸುವ ಪೈಕಿ ಅಲ್ಲ ಅವನು, ಐಟಿಐ ಕಲಿತವನು, ಎರಡು ಕೈ ಇಡದೆ ಬೀಳುವುದಿಲ್ಲ ಎಂದು ಮಷೀನನ್ನು ನಂಬಿದವನು, ತಗಡು ಸರಿಮಾಡಲು ಬಲಗೈ ಒಳಗೆ, ಎಡಗೈ ಸುಮ್ಮನೆ ಗುಂಡಿಯ ಮೇಲೆ ಊರಿದ್ದ, ಮೊದಲನೇ ತಗಡಿಗೇ ಕಬ್ಬಿಣ ಬಿತ್ತು, ಚಹಾ ಇನ್ನೂ ನನ್ನ ಬಾಯಿಗೆ ಮುಟ್ಟಿರಲಿಲ್ಲ.

ಎಲ್ಲಿ ಹೋದೀಲೇ, ಬರಿ ಅಂದ್ನಿ, ಎನ್ನುತ್ತಾನೆ, ಬರಿ, ಗೆಳ್ಯಾರ, ಕತ್ತಲಿ ಕಥಿ ಬೇಕಂದ್ರ ಇದನ್ನ ಓದ್ರಿ, ಇದರಾಗ ರಾಜಕುಮಾರ ಇಲ್ಲ, ಹೊಳಿಯೋ ಕತ್ತಿ ಇಲ್ಲ, ಒಬ್ಬಾಕಿ ಹುಡುಗಿ ಅದಾಳ, ಸೊಮಿ ಅಂತ, ಹೆಣಾ ಹುಗಿಯಾಕಿ — ಬರೆಯುತ್ತೇನೆ, ಹೆಬ್ಬೆರಳು ತಪ್ಪು ಅಕ್ಷರಕ್ಕೇ ಹೋಗುತ್ತದೆ, ಸೊಮಿ ಹುಗಿದ ಪ್ರತಿಯೊಬ್ಬರ ಹೆಸರೂ ಅವಳ ನಾಲಿಗೆಯ ಕೆಳಗೆ ಬಂದು ಕೂರುತ್ತದೆ, ಒಂದು ಹೆಸರನ್ನು ಬಾಯಿಬಿಟ್ಟು ಹೇಳಿದಳೋ, ಆ ಹೆಣ ಎದ್ದು ಕೂರುತ್ತದೆ, ಬದಲಿಗೆ ಊರಿನ ಯಾರೋ ಒಬ್ಬ ಜೀವಂತ ಮನುಷ್ಯ ಹೋಗಿ ಆ ಕುಣಿಯಲ್ಲಿ ಮಲಗುತ್ತಾನೆ, ಯಾರೆಂದು ಅವಳಿಗೂ ಗೊತ್ತಿಲ್ಲ, ಅದಕ್ಕೇ ಎಂಬತ್ತೇಳು ಕಂತು ಅವಳು ಮಾತೇ ಆಡಿಲ್ಲ, ಆ ಕಾಮಿಕ್ಸಿನ ಇಂಗ್ಲಿಷ್ ಹೆಸರು ನನ್ನ ಬಾಯಿಗೆ ಹೊರಳದೆ ಇದ್ದಾಗ ರಾಜರತ್ನನೇ ಗೋರಿ ಪೋರಿ ಎಂದು ಹೆಸರಿಟ್ಟ, ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ಕೂಡಿಸಿ ಒಂದೊಂದೇ ಗುಳ್ಳೆ ಓದಿಸಿದ, ಇದು ಗ್ರೇವ್, ಇದು ಟಂಗ್, ಮಾಸ್ತರರು ಎಂಟು ವರ್ಷ ಬಡಿದು ಕಲಿಸಲಾಗದ್ದನ್ನು ಈ ಹೆಣ ಹುಗಿಯುವವಳನ್ನು ಮುಂದಿಟ್ಟುಕೊಂಡು ಎಂಟು ತಿಂಗಳಲ್ಲಿ ಕಲಿಸಿದ, ಒಂದು ಸಲ ಗ್ರೂಪಿನಲ್ಲಿ ನಾನೇನೋ ಬರೆದೆ, ವಿನೋದ ನಗುವ ಮುಖ ಹಾಕಿ ಬ್ರೋ ನೀವು ಚಿತ್ರ ನೋಡಿ ಸಾಕು ಎಂದ, ಮುನ್ನೂರು ಮಂದಿ ಹಲ್ಲು ಕಿರಿದರು, ಓದಿದ ಮಂದಿಯ ಹಲ್ಲು, ಮೊಬೈಲು ಒಡೆದುಬಿಡುತ್ತಿದ್ದೆ, ಆಗ ಇವನು ಬರೆದ, ಅಂವ ನಿಮಗಿಂತ ನಿಧಾನ ಓದತಾನ್ರಿ, ಅದಕ್ಕ ನಿಮಗಿಂತ ಹೆಚ್ಚು ನೋಡತಾನ — ಅಂಥವನ ಕೈ, ಥೂ, ಅಂಥವನ ಕೈ. ಉಣ್ಣೋ ಯಪ್ಪಾ, ಎನ್ನುತ್ತಾಳೆ ಸತ್ಯವ್ವ, ಅವನ ತಾಯಿ, ಮಂಚದ ಪಕ್ಕ ನೆಲಕ್ಕೆ ಕೂತು ರೊಟ್ಟಿಗೆ ಝುಣಕ ಸುತ್ತಿ ಮಗನಿಗೊಂದು ತುತ್ತು ಕೊಟ್ಟು ನನಗೊಂದು ಸುರುಳಿ ಚಾಚುತ್ತಾಳೆ, ನೀ ಅಂಗಿ ಹರದು ಕಟ್ಟಿ ಟಂಟಂದಾಗ ಹಾಕ್ಕೊಂಡು ಬರಲಿಲ್ಲಂದ್ರ ನನ್ನ ಮಗ ದಾರ‍್ಯಾಗ ರಕ್ತ ಸುರದ ಹೋಗತಿದ್ದ, ಖರೇ ಹೇಳತೇನಿ, ಆ ಕಡ್ಡಿ ಯಾವ ಬಾಡ್ಯಾ ಇಟ್ಟಾನೋ ಅವನ ಕೈಯಾಗ ಹುಳಾ ಬೀಳ್ಲಿ, ಅವನ ಬಾಯಾಗ ಮಣ್ಣ ಬೀಳ್ಲಿ — ನನ್ನ ಬಾಯಲ್ಲಿ ಅವಳ ರೊಟ್ಟಿ ಇತ್ತು, ನುಂಗಿದೆ, ಹೂಂ ಯವ್ವಾ ಎಂದೆ, ಹೂಂ ಎಂದೆನಲ್ಲ, ಹೇಳುವುದಕ್ಕೇ ಬಂದವನು, ಬಸ್ಸಿನಲ್ಲಿ ನಿಂತು ಒಂದೊಂದು ಮಾತು ಜೋಡಿಸಿಕೊಂಡು ಬಂದವನು, ಹೇಳಿದರೆ ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ, ಹೋಗಲಿ, ಬರಲಿ, ಅದಲ್ಲ, ಅದು ಅಲ್ಲವೇ ಅಲ್ಲ, ಈ ರೊಟ್ಟಿ ಚಾಚಿದ ಕೈ ಹಿಂದಕ್ಕೆ ಹೋಗುವುದನ್ನು ಹೇಗೆ ನೋಡುವುದು.

ರತ್ನ್ಯಾ, ಒಂದು ಹೇಳೂದೈತಿ ಎಂದೆ, ಏ ಏ ಏ, ಹೇಳಬ್ಯಾಡ, ನಾ ಇನ್ನೂ ಓದಿಲ್ಲಲೇ ಮಗನ, ಕಥೀದಲ್ಲಪಾ, ಯಾವುದರದ್ದರ ಆಗವಲ್ದ್ಯಾಕ, ಮೊದಲ ನನಗ ಓದಸು, ಆಮ್ಯಾಲ ಹೇಳು, ಓದದ ಶಿಫಾರಸ್ ಮಾಡಿದ್ರ ಆ ವಿನೋದ ಬಿಡತಾನೇನು — ಮೊಬೈಲನ್ನು ಅವನ ತೊಡೆಯ ಮೇಲೆ ಆನಿಸಿ ಹಿಡಿದೆ, ಎಂಬತ್ತೆಂಟು, ಸರಸು ಎನ್ನುತ್ತಾನೆ, ಸರಿಸುತ್ತೇನೆ, ನಿಲ್ಲು, ನಿಲ್ಲಿಸುತ್ತೇನೆ, ಮಳೆಯಲ್ಲಿ ಕುಣಿಯ ಅಂಚು, ಸಲಿಕೆ, ಸೊಮಿಯ ಕೆಸರಾದ ಪಾದ, ಸರಸು, ನಾಲ್ಕು ದಿನದಲ್ಲಿ ಮೊದಲ ಸಲ ಅವನ ಮುಖಕ್ಕೆ ರಕ್ತ ಬಂದಿದೆ, ಯವ್ವಾ ನೋಡಿಲ್ಲಿ, ಈಕಿ ಬಾಯಿ ತಗೀತಾಳ ಅನಸ್ತೈತಿ, ಯಾಕಿ ತಮ್ಮಾ, ಏ ಕಥ್ಯಾಗಿನಾಕಿ, ಸತ್ಯವ್ವ ನಗುತ್ತಾಳೆ, ಸರಸು, ನಿಧಾನ, ಸೊಮಿಯ ಕೂದಲು, ಹಣೆ, ಎರಡು ಕಣ್ಣು ಪರದೆಯ ಕೆಳಗಿನ ಅಂಚಿಗೆ ಬಂದವು, ಬಾಯಿ ಇನ್ನೂ ಕೆಳಗಿದೆ, ಇನ್ನೊಂದು ಸಲ ಸರಿಸಿದರೆ ಬಾಯಿ, ನನ್ನ ಬೆರಳು ನಿಂತಿತು, ಸರಸಲೇ, ಇಲ್ಲಿ ನಿಲ್ಲಸ್ತಾರೇನು, ಬೆರಳು ಹೋಗಲಿಲ್ಲ, ಕಡ್ಡಿ ನಾ ಇಟ್ಟಿದ್ನಿ ರತ್ನ್ಯಾ, ಎಂದೆ, ಇದನ್ನ ಓದಾಕ ಇಟ್ಟಿದ್ನಿ, ತಗಿಯೂದು ಮರತ್ನಿ, ಕಾಗದದಾಗ ನಿನ್ನ ಹೆಸರು ಹೊಡದು ನನ್ನ ಹೆಸರು ಬರದು ನಾಳೆ ಕೊಡತೇನಿ, ಬೇಕಾದ್ರ ಈಗ ಬರೀತೇನಿ ನಿನ್ನ ಮುಂದ — ಸತ್ಯವ್ವನ ಕೈ ರೊಟ್ಟಿಯ ಮೇಲೆ ನಿಂತಿತು, ಅನ್ನಬೇಕಾದ್ದನ್ನೆಲ್ಲ ಅವಳು ಆಗಲೇ ಅಂದಿದ್ದಳು, ಪಕ್ಕದ ಮಂಚದ ಮುದುಕ ಕೆಮ್ಮಿದ, ರಾಜರತ್ನ ನನ್ನ ಮುಖ ನೋಡಲಿಲ್ಲ, ಬೈಯಲೇ, ಒದಿ, ಉಗುಳು, ಏನರ ಅನ್ನು — ಕೈ ತಗಿ, ಎಂದ ಅವನು, ಅಷ್ಟೇ, ನಾನು ಮೊಬೈಲಿನಿಂದ ಕೈ ತೆಗೆದೆ, ಅದು ಅವನ ತೊಡೆಗೆ ಒರಗಿ ನಿಂತಿತು, ಅವನು ಹೊಟ್ಟೆಯ ಮೇಲಿನ ಬಿಳಿ ಗಂಟನ್ನು ಎತ್ತಿ ಗಾಜಿನ ಮೇಲಿಟ್ಟ, ಕೆಳಗಿನಿಂದ ಮೇಲಕ್ಕೆ ಸರಿಸಿದ, ಚಿತ್ರ ಸರಿಯಲಿಲ್ಲ, ಬಟ್ಟೆಯ ಒಳಗೆ ಸರಿಸುವ ಬೆರಳಿಲ್ಲ, ಉಳಿದ ಬೆರಳೂ ಗಾಜಿಗೆ ಗೊತ್ತಾಗುವುದಿಲ್ಲ, ಸೊಮಿಯ ಎರಡು ಕಣ್ಣು ಅಂಚಿನಲ್ಲಿ ಹಾಗೇ, ಮತ್ತೆ ಕೆಳಗಿನಿಂದ ಮೇಲಕ್ಕೆ, ನಾನು ಕೈ ಚಾಚಲಾರೆ, ಚಾಚದೆ ಇರಲಾರೆ, ಮತ್ತೆ, ಬ್ಯಾಂಡೇಜಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಹೊಸದಾಗಿ ಮೂಡಿದೆ, ಅದು ಗಾಜಿನ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಕಣ್ಣು ಎರಡೂ ಅಲ್ಲೇ, ಬಿಳಿ ಗಂಟು ಕೆಳಗಿನಿಂದ ಮೇಲಕ್ಕೆ, ಸರಿಯುವುದಿಲ್ಲ, ಕೆಳಗಿನಿಂದ ಮೇಲಕ್ಕೆ —