ಮುಟ್ಟದೆ ಬಿಟ್ಟ ಲೋಟ

ಸೆಂಡಿ ಕಾಫಿ ಮುಟ್ಟದೆ ಎದ್ದದ್ದನ್ನು ನಾನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ.

ನಾವು ಮೂವರು ಮೂವತ್ತು ವರ್ಷದಿಂದ ಗೆಳತಿಯರು. ಕುಚಿಂಗ್‌ನಲ್ಲಿ ಮೇಷ್ಟ್ರ ತರಬೇತಿಗೆ ಹೋದಾಗ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು. ನಾನು ದಿಮಾ, ಹೊಳೆಯ ಮೇಲ್ದಂಡೆಯ ಇಬಾನ್ ಬುಡಕಟ್ಟಿನ ಹೆಂಗಸು. ಈಗಲೂ ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಿದ್ದೇನೆ. ಸೆಂಡಿಯೂ ನಮ್ಮವಳೇ, ಆದರೆ ಮೀರಿ ಪಟ್ಟಣದಲ್ಲಿ ಹುಟ್ಟಿ ಬೆಳೆದವಳು, ಈಗ ಹೆಡ್‌ಮಿಸ್. ಪಿಂಗ್ ಸರಿಕೈ ಪಟ್ಟಣದ ಮೆಣಸಿನ ವ್ಯಾಪಾರದ ಚೀನಿ ಮನೆಯ ಮಗಳು. ಅವಳ ಕೈಯಲ್ಲಿ ಸದಾ ಫೋನು, ಇರುವೆ ಸಾಲು ಕಂಡರೂ ವಿಡಿಯೊ. ಪ್ರತಿ ಜೂನ್ ರಜೆಯಲ್ಲಿ ಮೂವರೂ ಒಂದು ವಾರ ಹೊರಡುತ್ತೇವೆ. ಅರ್ಧ ವಾರ ಕಾಡು, ಅದು ನನ್ನ ಹಟ. ಅರ್ಧ ವಾರ ಸಮುದ್ರ, ಅದು ಪಿಂಗ್‌ಳದು. ಎರಡನ್ನೂ ಆಡಿಕೊಂಡು ನಗುವುದು ಸೆಂಡಿಯ ಪಾಲು.

ಈ ಸಲ ಬತಾಂಗ್ ಆಯ್ ಹೊಳೆಯ ಮೇಲೆ ದೋಣಿಯಲ್ಲಿ ಹೋಗಿ ಇನಿ ಲೆಮಾಯ್ ಮನೆಯಲ್ಲಿ ಉಳಿದೆವು. ಇನಿ ಅಂದರೆ ಅಜ್ಜಿ. ನನ್ನ ಅಮ್ಮನ ಕಡೆಯ ದೂರದ ನಂಟು. ಎರಡು ದಿನ ಕಾಡು ಸುತ್ತಿದೆವು. ಜಿಗಣೆ ಕಚ್ಚಿಸಿಕೊಂಡೆವು, ಜಲಪಾತದ ಕೆಳಗೆ ತಲೆಯೊಡ್ಡಿ ಕಿರುಚಿದೆವು, ಬಿದಿರಿನಲ್ಲಿ ಬೇಯಿಸಿದ ಕೋಳಿಯನ್ನು ಎಲುಬು ಬಿಡದೆ ತಿಂದೆವು. ಮೂತ್ರಕ್ಕೆ ಕೂರುವ ಮುಂಚೆ ನಾನು ಮರಕ್ಕೆ, "ತಪ್ಪು ತಿಳೀಬೇಡಪ್ಪ, ನಾನು ನಿನ್ನ ಮೊಮ್ಮಗಳು," ಎಂದು ಕೈಮುಗಿದದ್ದನ್ನು ಸೆಂಡಿ ನೋಡಿಬಿಟ್ಟಳು. ಸಂಜೆ, ಇಡೀ ಊರು ಒಂದೇ ಸೂರಿನಡಿ ಇರುವ ಆ ಉದ್ದಮನೆಯ ಹಜಾರದಲ್ಲಿ ಎಲ್ಲರ ಮುಂದೆ ನನ್ನದೇ ದನಿಯಲ್ಲಿ ಅದನ್ನು ಆಡಿ ತೋರಿಸಿದಳು. ಊರಿಗೆ ಊರೇ ನಕ್ಕಿತು. ನಾನೂ ನಕ್ಕೆ. ಒಳಗೆ ಮಾತ್ರ ಕೆಂಡ ಇತ್ತು.

ಹೊರಡುವ ಬೆಳಿಗ್ಗೆ ದೋಣಿಯವ ಕೆಳಗಿನಿಂದ ಕೂಗುತ್ತಿದ್ದ. ಇನಿ ಚಾಪೆಯ ಮೇಲೆ ಮೂರು ಎನಾಮಲ್ ಲೋಟ ಇಟ್ಟರು. ಬಿಳಿ ಲೋಟ, ನೀಲಿ ಅಂಚು. ಒಂದರ ಅಂಚು ಹಿಡಿಯ ಹತ್ತಿರ ಒಡೆದಿತ್ತು. ಹುರಿದ ಅಕ್ಕಿ ಬೆರೆಸಿ ಕುಟ್ಟಿದ ಕರೀ ಕಾಫಿ, ಸಕ್ಕರೆ ಇಲ್ಲ. ನಮ್ಮಲ್ಲಿ ಯಾರಾದರೂ ತಿನ್ನಲು ಕುಡಿಯಲು ಮುಂದಿಟ್ಟರೆ, ಹೊಟ್ಟೆ ತುಂಬಿರಲಿ, ಅವಸರವಿರಲಿ, ಬೆರಳ ತುದಿಯನ್ನಾದರೂ ತಾಗಿಸಿಯೇ ಏಳಬೇಕು. ತಾಗಿಸದೆ ಎದ್ದು ಹೊರಟವರಿಗೆ ಪುನಿ ಹಿಡಿಯುತ್ತದೆ. ಹಾವೋ ಮೊಸಳೆಯೋ ನೀರೋ, ಯಾವುದಾದರೊಂದು ಅವರನ್ನು ಹುಡುಕಿಕೊಂಡು ಬರುತ್ತದೆ. ನನ್ನ ದೊಡ್ಡಮಾವ ತೀರಿಹೋದದ್ದು ಒಂದು ಹಿಡಿ ಅವಲಕ್ಕಿ ಮುಟ್ಟದೆ ಮೀನಿಗೆ ಹೊರಟದ್ದಕ್ಕೆ.

ಮೂವತ್ತು ವರ್ಷ ನಮ್ಮ ಜೊತೆಗಿದ್ದ ಪಿಂಗ್ ಎಲ್ಲರಿಗಿಂತ ಮೊದಲೇ ಬೆರಳು ಅದ್ದಿದಳು. ಸೆಂಡಿ ಮಾತ್ರ, "ಬೇಡ ಇನಿ, ದೋಣೀಲಿ ಎರಡು ಗಂಟೆ ಕೂರಬೇಕು. ಆಮೇಲೆ ದಿಮಾ ಥರ ಯಾವ ಮರಕ್ಕೆ ಕೈಮುಗೀಲಿ?" ಎಂದು ನಗುತ್ತಾ ಎದ್ದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಮುಟ್ಟಲಿಲ್ಲ. "ಮುಟ್ಟೇ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಸ್ವಲ್ಪ ಕೊಬ್ಬು ಇಳಿಯಲಿ ಎಂದು ನುಂಗಿಕೊಂಡೆ, ಚೀಲ ಹೆಗಲಿಗೆ ಹಾಕಿ ಮೆಟ್ಟಿಲಿಳಿದೆ.

ಅರ್ಧ ಗಂಟೆ ಕಳೆದಿರಲಿಕ್ಕಿಲ್ಲ. ಬಾಗಿದ ಕೊಂಬೆಯೊಂದರ ಕೆಳಗೆ ದೋಣಿ ಹಾಯುವಾಗ ಮೇಲಿಂದ ಹಾವು ಬಿತ್ತು. ಎಲೆ ಹಸಿರು, ತಲೆ ಅಗಲ. ನನ್ನ ಕಾಲಿಗೂ ಸೆಂಡಿಯ ಕಾಲಿಗೂ ನಡುವೆ ಬಿದ್ದು ಸುರುಳಿ ಸುತ್ತಿಕೊಂಡಿತು. ಪಿಂಗ್ ಕಿರುಚಿದ ರಭಸಕ್ಕೆ ಅವಳ ಫೋನು ದೋಣಿಯ ತಳದ ನೀರಿಗೆ ಬಿತ್ತು. ದೋಣಿಯವ ಗಳುವಿನಿಂದ ಹಾವನ್ನು ಎತ್ತಿ ಹೊಳೆಗೆ ಎಸೆದ.

"ಯಾರಮ್ಮ ಇನಿ ಮನೇಲಿ ಮುಟ್ಟದೆ ಬಂದೋರು?" ಎಂದ. ತಮಾಷೆಗೇ ಕೇಳಿದ್ದು, ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

ನಾನು ಸೆಂಡಿಯನ್ನು ನೋಡಿದೆ. ಸೆಂಡಿ ನನ್ನನ್ನೇ ನೋಡುತ್ತಿದ್ದಳು.

ಆವತ್ತೇ ಕಾರಿನಲ್ಲಿ ಸೆಮತಾನ್ ಕಡಲ ದಂಡೆಗೆ ಇಳಿದೆವು. ಅಬಾಂಗ್ ದ್ರಿಸ್ ಎಂಬ ಮಲಯ್ ಮನುಷ್ಯನ ಮರದ ಮನೆ, ಎದುರಿಗೇ ಮರಳು. ಸೆಂಡಿಗೂ ನನಗೂ ಒಂದೊಂದು ಮಂಚ, ಪಿಂಗ್‌ಗೆ ಕಿಟಕಿ ಪಕ್ಕದ ಸೋಫಾ. ಪಿಂಗ್ ಫೋನನ್ನು ಅಕ್ಕಿ ಚೀಲದೊಳಗೆ ಹೂತಿಟ್ಟು, "ಸತ್ತಿಲ್ಲ, ನಿದ್ದೆ ಮಾಡ್ತಿದೆ," ಎಂದಳು. ಮೀನು ಸುಟ್ಟು ತಿಂದೆವು. ಸೆಂಡಿ ನೀರಿನಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡು ಹಾಡು ಹೇಳಿದಳು. ನಾನು ದಡದಲ್ಲಿ ಕೂತು ಅವಳನ್ನೇ ಎಣಿಸುತ್ತಿದ್ದೆ: ತಲೆ ಮುಳುಗಿತು, ಎದ್ದಿತು, ಮುಳುಗಿತು, ಎದ್ದಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಲೋಟ ಇತ್ತು.

ಬಿಳಿ ಲೋಟ, ನೀಲಿ ಅಂಚು, ಹಿಡಿಯ ಹತ್ತಿರ ಒಡಕು. ನನ್ನ ಚಪ್ಪಲಿಗೂ ಸೆಂಡಿಯ ಚಪ್ಪಲಿಗೂ ನಡುವೆ ನೆಟ್ಟಗೆ ಕೂತಿತ್ತು. ಲೋಟದ ತುಂಬ ಕಾಫಿ, ಹಬೆಯಾಡುತ್ತಿತ್ತು. ಬೆಳಗಿನ ಜಾವದ ಮಳೆಗೆ ಮರಳು ನುಣುಪಾಗಿತ್ತು. ಅದರ ಮೇಲೆ ಏಡಿ ಓಡಾಡಿದ ಗೆರೆ ಬಿಟ್ಟರೆ ಒಂದು ಹೆಜ್ಜೆಯೂ ಇರಲಿಲ್ಲ.

"ಓಹೋ, ಕಾಲಬುಡಕ್ಕೇ ಕಾಫಿ!" ಎಂದು ಬಂದ ಸೆಂಡಿ ಲೋಟವನ್ನು ನೋಡಿ ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು. "ಇನಿ ಮನೆ ಲೋಟ ಕದ್ಕೊಂಡು ಬಂದ್ಯೇನೇ?"

"ದೇವರಾಣೆ ಇಲ್ಲ."

ಅಬಾಂಗ್ ದ್ರಿಸ್‌ನನ್ನು ಕರೆದು ಕೇಳಿದೆವು. "ನಮ್ಮಲ್ಲಿ ಗಾಜಿನ ಲೋಟ ಬಿಟ್ರೆ ಬೇರೆ ಇಲ್ಲಕ್ಕ," ಎಂದ. ಬಗ್ಗಿ ಮೂಸಿ ಎರಡು ಹೆಜ್ಜೆ ಹಿಂದೆ ಹೋದ. "ಇದು ಕಾಡಿನ ಕಾಫಿ. ನಾನಂತೂ ಎತ್ತಲ್ಲ." ನಾನೂ ಎತ್ತಲಿಲ್ಲ. ಇನ್ನೊಬ್ಬರ ಪಾಲಿನದನ್ನು ಮುಟ್ಟಬಾರದು ಎನ್ನುವುದೂ ನಮ್ಮಲ್ಲಿದೆ. ಮಧ್ಯಾಹ್ನದ ಹೊತ್ತಿಗೆ ಲೋಟ ಅಲ್ಲಿರಲಿಲ್ಲ.

ಆ ರಾತ್ರಿ ಬಾಗಿಲಿಗೆ ನಾನೇ ಚಿಲಕ ಹಾಕಿದೆ. ಬೆಳಿಗ್ಗೆ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಲೋಟ ಬಾಗಿಲ ಒಳಗೆ, ಕಾಲೊರಸಿನ ಮೇಲಿತ್ತು.

ಇದನ್ನು ಕಂಡ ಸೆಂಡಿಗೆ ಸಿಟ್ಟು ನೆತ್ತಿಗೇರಿತು. "ಚಿಲಕ ಹಾಕಿದ್ದು ನೀನು, ಮೊದಲು ಎದ್ದಿದ್ದೂ ನೀನು. ಸಾಕು ಮಾಡೇ ನಿನ್ನ ನಾಟಕ. ನಾನು ಆಡಿಕೊಂಡೆ ಅಂತ ಇಷ್ಟು ದಿನ ಸೇಡು ಇಟ್ಕೋತಾರಾ?"

"ನಾಟಕ ಅಲ್ಲ ಕಣೇ! ನೀನು ಆವತ್ತು ಕಾಫಿ ಮುಟ್ಟಲಿಲ್ಲ. ನಾನು ನೋಡಿದೆ. ನಿನಗೆ ಪುನಿ ಹಿಡಿದಿದೆ. ಅದು ನಿನ್ನನ್ನೇ ಹುಡುಕ್ಕೊಂಡು ಬಂದಿದೆ, ಮುಟ್ಟಿಬಿಡು."

ಸೆಂಡಿ ನನ್ನತ್ತ ಒಂದು ಹೆಜ್ಜೆ ಇಟ್ಟಳು. "ನೋಡಿದೆಯಾ? ನೋಡಿ ಸುಮ್ಮನೆ ಇದ್ದೆಯಾ?"

ನಾನು ತಲೆ ತಗ್ಗಿಸಿದೆ. ಐವತ್ತೆರಡು ವರ್ಷದ ಹೆಂಗಸಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕಿಲ್ಲ.

"ಕೇಳಿಲ್ಲಿ," ಎಂದಳು. "ನಾನು ಮುಟ್ಟಿದೀನಿ. ಏಳುವಾಗ ಕಿರುಬೆರಳು ಅದ್ದಿದೀನಿ. ನಮ್ಮಜ್ಜಿ ಕಲಿಸಿದ್ದು ನನಗೂ ನೆನಪಿದೆ. ನಿನ್ನೆದುರು ತೋರಿಸಿಕೊಂಡು ಮುಟ್ಟೋಕೆ ಮನಸ್ಸಾಗಲಿಲ್ಲ, ಅಷ್ಟೇ."

ನಾನು ನಂಬಲಿಲ್ಲ. ಸೋಲು ಒಪ್ಪಿಕೊಳ್ಳುವ ಜಾಯಮಾನವೇ ಅವಳದಲ್ಲ. ಹಾಸ್ಟೆಲ್ಲಿನಲ್ಲಿ ನನ್ನ ಸೋಪು ಬಳಸಿ, ಅದರ ನೊರೆ ಕೈಯಲ್ಲಿರುವಾಗಲೇ "ನಾನಲ್ಲ" ಎಂದವಳು.

"ಜಗಳ ಯಾಕ್ರೇ?" ಎಂದಳು ಪಿಂಗ್. "ಹೊರಡುವಾಗ ನಾನು ವಿಡಿಯೊ ಮಾಡ್ತಿದ್ದೆ. ಫೋನು ಎದ್ದರೆ ಗೊತ್ತಾಗತ್ತೆ." ಅಕ್ಕಿ ಚೀಲದಿಂದ ತೆಗೆದು ಗುಂಡಿ ಒತ್ತಿದಳು. ಕಪ್ಪು ಗಾಜಿನಲ್ಲಿ ನಮ್ಮ ಮೂರು ಮುಖ ಕಂಡವು, ಅಷ್ಟೇ.

ಮೂರನೇ ಬೆಳಿಗ್ಗೆ ಕಾಫಿ ವಾಸನೆಗೇ ನನಗೆ ಎಚ್ಚರವಾಯಿತು. ಲೋಟ ಎರಡು ಮಂಚಗಳ ನಡುವೆ, ನನ್ನ ತಲೆದಿಂಬಿನಿಂದ ಒಂದು ಮೊಳ ದೂರದಲ್ಲಿತ್ತು. ಸೆಂಡಿಯ ಮಂಚ ಖಾಲಿ.

ಕಿಟಕಿಯಿಂದ ನೋಡಿದರೆ ಅವಳು ಒಬ್ಬಳೇ ಸಮುದ್ರಕ್ಕೆ ಇಳಿಯುತ್ತಿದ್ದಳು. ಇನ್ನು ನಾಲ್ಕನೆಯ ಸಲ ಲೋಟ ಬರುವುದಿಲ್ಲ, ಮುಂದೆ ಬರುವುದು ಬೇರೆಯೇ ಎಂದು ನನ್ನ ಮನಸ್ಸು ಹೇಳಿತು. ಟವೆಲ್ಲನ್ನು ಎರಡು ಮಡಿಕೆ ಮಾಡಿ, ಕೈ ಎಲ್ಲಿಯೂ ತಾಗದ ಹಾಗೆ ಲೋಟವನ್ನು ಹಿಡಿದು ಓಡಿದೆ. ಕಾಫಿ ತುಳುಕಿದಾಗಲೆಲ್ಲ ಮೈ ಹಿಂದಕ್ಕೆ ಸರಿಸಿಕೊಂಡೆ. ಒಂದು ಹನಿಯೂ ನನಗೆ ತಾಗಲಿಲ್ಲ. ಆಗ ಅದು ನನ್ನ ಜಾಣತನ ಎನಿಸಿತ್ತು.

ಸೊಂಟದ ಮಟ್ಟದ ನೀರಿನಲ್ಲಿ ಅವಳನ್ನು ಹಿಡಿದೆ. "ಒಂದೇ ಒಂದು ಸಲ, ಸೆಂಡಿ. ನನಗೋಸ್ಕರ." ಅಳು ತಡೆಯಲಾಗಲಿಲ್ಲ. "ನಿನಗೇನಾದರೂ ಆದರೆ ನಾನು ಹೇಗೆ ಬದುಕಲಿ?"

ಅವಳು ನನ್ನ ಮುಖವನ್ನೇ ನೋಡಿದಳು. ಕೋಪ ಇಳಿಯಿತು. "ಅಯ್ಯೋ ಹುಚ್ಚಿ. ಮುಟ್ಟಿದ್ದನ್ನೇ ಇನ್ನೊಂದು ಸಲ ಮುಟ್ಟಿದರೆ ನಿನಗೆ ಸಮಾಧಾನಾನಾ? ತಗೋ." ಇಡೀ ಬೆರಳನ್ನು ಅದ್ದಿ ನೆಕ್ಕಿದಳು. "ಇನಿ ಈಗಲಾದರೂ ಒಂದು ಚಮಚ ಸಕ್ಕರೆ ಹಾಕಬಾರದಿತ್ತೇ?"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಅಲೆಯೊಂದು ತಟ್ಟಿ ಲೋಟ ಟವೆಲ್ಲಿನಿಂದ ಜಾರಿ ನೀರಿಗೆ ಬಿತ್ತು. ತಳ ಕಾಣುವಷ್ಟು ತಿಳಿನೀರು. ಇಬ್ಬರೂ ಕಾಲಿನಲ್ಲಿ ತಡಕಿದೆವು, ಮುಳುಗಿ ಹುಡುಕಿದೆವು. ಬರೀ ಮರಳು.

ಆ ಮಧ್ಯಾಹ್ನ ನಾನು ಹೊಟ್ಟೆಬಿರಿಯ ಉಂಡೆ. ಗೆಳತಿ ಉಳಿದಳು ಎಂಬ ಸಂತೋಷಕ್ಕೆ ಅಬಾಂಗ್ ದ್ರಿಸ್ ತಂದ ಸಿಗಡಿಯೆಲ್ಲ ಖಾಲಿಯಾಯಿತು. ಪಿಂಗ್ ಸೋಫಾದಿಂದ, "ಎದ್ದಿತು ಕಣ್ರೇ!" ಎಂದು ಕೂಗಿದಳು. ಫೋನು ಬೆಳಗಿತ್ತು. ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು.

ವಿಡಿಯೊದಲ್ಲಿ ಇನಿಯ ಚಾಪೆ. ಇನಿಯ ಕೈ ಲೋಟಗಳನ್ನು ಇಡುತ್ತದೆ. ಒಂದು ಪಿಂಗ್‌ಗೆ, ಒಂದು ಸೆಂಡಿಗೆ. ಅಂಚು ಒಡೆದದ್ದು ನನಗೆ. ಪಿಂಗ್‌ಳ ಬೆರಳು ಚೌಕಟ್ಟಿನೊಳಗೆ ಬಂದು ಅದ್ದಿ ಹೋಗುತ್ತದೆ. ಸೆಂಡಿ ಇನಿಯ ಕಡೆ ತಿರುಗಿ ನಗುತ್ತಾ ಮಾತಾಡುತ್ತಿದ್ದಾಳೆ. ಅವಳ ಎಡಗೈಯ ಕಿರುಬೆರಳು, ಮಗು ಕದ್ದು ಜೇನು ಮುಟ್ಟುವ ಹಾಗೆ, ಕಾಫಿಗೆ ತಾಗಿ ಬರುತ್ತದೆ. ನಾನು ನೋಡುತ್ತಿದ್ದದ್ದು ಅವಳ ಬಲಗೈಯನ್ನು. ವಿಡಿಯೊದಲ್ಲಿ ನಾನು ಎರಡೂ ಕೈಯಲ್ಲಿ ಮೊಣಕಾಲು ಕಟ್ಟಿಕೊಂಡು, ತುಟಿ ಬಿಗಿದು ಕೂತಿದ್ದೇನೆ. ಹಾಗೇ ಏಳುತ್ತೇನೆ. ಚೀಲ ಎತ್ತಿಕೊಳ್ಳುತ್ತೇನೆ. ನನ್ನ ಲೋಟದ ಹಬೆ ಒಂದೇ ಸಮನೆ ಮೇಲೇಳುತ್ತಿದೆ.

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ನೋಡಿದಳಂತೆ. ಇದನ್ನು ಸೆಂಡಿ ಹೇಳಲಿಲ್ಲ, ನಾನೇ ಹೇಳಿಕೊಂಡೆ. ಮೂವತ್ತು ವರ್ಷದಲ್ಲಿ ನನ್ನನ್ನು ಆಡಿಕೊಳ್ಳುವ ಒಂದು ಅವಕಾಶವನ್ನೂ ಬಿಡದವಳು ಆವತ್ತು ನಗಲಿಲ್ಲ. ಕಾರಿನ ಕೀಲಿ ತೆಗೆದುಕೊಂಡು, "ಏಳು. ಇನಿ ಹತ್ತಿರ ಹೋಗೋಣ," ಎಂದಳು.

ಮರುದಿನ ಹೊಳೆ ಹತ್ತಿ ಹೋದೆವು. ಎರಡು ಗಂಟೆಯ ದಾರಿಯುದ್ದಕ್ಕೂ ಸೆಂಡಿ ನನ್ನ ಸೆರಗಿನಂತೆ ಅಂಟಿಕೊಂಡು, ಮೇಲಿನ ಕೊಂಬೆಗಳನ್ನೇ ನೋಡುತ್ತಿದ್ದಳು.

ಇನಿ ಎಲ್ಲ ಕೇಳಿದರು. "ನೀವು ಹೋದ್ಮೇಲೆ ಮೂರೂ ಲೋಟ ತುಂಬಿದ ಹಾಗೇ ಇತ್ತು. ಮುಚ್ಚಳ ತರೋಕೆ ಒಳಗೆ ಹೋಗಿ ಬಂದೆ, ಅಂಚು ಒಡೆದ ಲೋಟ ಮಾತ್ರ ಇರಲಿಲ್ಲ. ನೀನೇ ವಾಪಸ್ ಬಂದು ತಗೊಂಡು ಹೋದೆ ಅನ್ಕೊಂಡೆ."

"ಈಗ ಕೊಡಿ ಇನಿ. ಎಷ್ಟು ಬೇಕಾದರೂ ಕುಡೀತೀನಿ."

ಕೊಟ್ಟರು. ಎರಡು ಲೋಟ ಕುಡಿದೆ, ನಾಲಿಗೆ ಸುಟ್ಟರೂ ಬಿಡಲಿಲ್ಲ. ಇನಿ ನೋಡುತ್ತಾ ಕೂತಿದ್ದರು.

"ಇದು ಇವತ್ತಿನ ಕಾಫಿ ಮಗಳೇ," ಎಂದರು. "ಆವತ್ತಿಂದು ಬೇರೆ. ಅದು ಎಷ್ಟು ಸಲ ಬಂತು?"

"ಮೂರು."

"ಮೂರನೇ ಸಲ ಏನು ಮಾಡಿದೆ?"

"ಇವಳಿಗೆ ಕೊಟ್ಟೆ."

ಇನಿ ನನ್ನ ತಲೆ ಸವರಿದರು, ಬಹಳ ಹೊತ್ತು ಸವರಿದರು. ಹೊರಡುವಾಗ ಒಂದು ಮಾತು ಹೇಳಿದರು: "ಬಂದರೆ ಮುಟ್ಟಿಬಿಡು. ಬರೋದು ಅದರ ಮರ್ಜಿ."

ರಜೆ ಮುಗಿದು ಮೂರು ವಾರವಾಯಿತು. ಶಾಲೆಗೆ ಹೋಗುತ್ತೇನೆ, ಮಗ್ಗಿ ಹೇಳಿಸುತ್ತೇನೆ. ಮಕ್ಕಳು ಕಡಿದ ಪೆಪ್ಪರಮೆಂಟು ಚಾಚಿದರೂ ಬೆರಳು ತಾಗಿಸುತ್ತೇನೆ. ಹೊಳೆಯ ಕಡೆ ಹೋಗುವುದಿಲ್ಲ, ಮರದ ಕೆಳಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದು ಮೆಟ್ಟಿಲು ನೋಡುತ್ತೇನೆ. ಆರೂ ಐದಕ್ಕೆ ಮೀರಿಯಿಂದ ಸೆಂಡಿಯ ಫೋನು ಬರುತ್ತದೆ.

"ಬಂತಾ?"

"ಇಲ್ಲ."

"ನಾಳೆ ಬರತ್ತೆ ಬಿಡೇ," ಎನ್ನುತ್ತಾಳೆ, ಯಾವುದನ್ನೂ ನಂಬದ ಹೆಡ್‌ಮಿಸ್.

ಇವತ್ತು ನನಗೆ ನಿದ್ದೆ ಹತ್ತಿ, ಆರು ದಾಟಿದ ಮೇಲೆ ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ದುಂಡನೆಯ ಒದ್ದೆ ಗುರುತು ಇತ್ತು, ಲೋಟದ ತಳದಷ್ಟು. ಅಂಗೈ ಇಟ್ಟೆ, ಹಲಗೆ ಇನ್ನೂ ಬೆಚ್ಚಗಿತ್ತು. ಬೆರಳು ಒತ್ತಿ ನಾಲಿಗೆಗೆ ಹಚ್ಚಿಕೊಂಡೆ. ಕಾಫಿಯ ರುಚಿ ಇರಲಿಲ್ಲ, ಸಮುದ್ರದ ಉಪ್ಪಿತ್ತು.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಹೋಗಿ ಎತ್ತಿದೆ.

"ಬಂತಾ?" ಎಂದಳು ಸೆಂಡಿ.

"ಬಂದು ಹೋಗಿದೆ," ಎಂದೆ.