ಬಿಸಿ ಗಾಳಿಯ ಪೆಟ್ಟಿಗೆ

ಬಿಸು ಹಬ್ಬ ಕಳೆದು ಸೆಕೆ ತಲೆಗೇರಿದ ಆ ದಿನಗಳಲ್ಲಿ, ಸುಳ್ಯದ ಬೆಳ್ಯಪ್ಪ ಗೌಡರ ಕಾರಿನೊಳಗೆ ಬಿಸಿ ಗಾಳಿ ತನ್ನಷ್ಟಕ್ಕೇ ಬೀಸುತ್ತದೆ ಎಂಬ ಸುದ್ದಿ ಪುತ್ತೂರು ಪೇಟೆಯವರೆಗೂ ಹೋಗಿತ್ತು. ತನ್ನಷ್ಟಕ್ಕೇ ಅಂತೆ! ಗುಂಡಿ ತಿರುಗಿಸುತ್ತಿದ್ದವರು ಬೆಳ್ಯಪ್ಪನ ತಾಯಿ ಚೆನ್ನಕ್ಕ. ಅದು ಅವರೊಬ್ಬರನ್ನು ಬಿಟ್ಟು ಬೇರಾರಿಗೂ ಗೊತ್ತಿರಲಿಲ್ಲ.

ಕಾರು ಮಡಿಕೇರಿ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯದ್ದು. ಆತ ತನ್ನ ದೇಶಕ್ಕೆ ಹಿಂತಿರುಗುವಾಗ ಬೆಳ್ಯಪ್ಪ ಕೊಂಡುಕೊಂಡಿದ್ದ. ಮಡಿಕೇರಿಯ ಚಳಿಗೆಂದು ಎದುರು ಸೀಟಿನ ಕಾಲ ಬುಡದಲ್ಲಿ ಒಂದು ಪೆಟ್ಟಿಗೆ ಕೂರಿಸಿದ್ದರು. ಎಂಜಿನಿನ ಬಿಸಿನೀರು ಅದರೊಳಗೆ ಸುತ್ತಿ ಹೋಗುತ್ತಿತ್ತು. ಗುಂಡಿ ತಿರುಗಿಸಿದರೆ ಒಳಗಿನ ಫ್ಯಾನು ಕಿರ್ರೆಂದು ಎದ್ದು ಆ ಬಿಸಿಯನ್ನು ಕಾಲಿಗೆ ಊದುತ್ತಿತ್ತು. ಸುಳ್ಯದ ಸೆಕೆಯಲ್ಲಿ ಯಾವ ಪುಣ್ಯಾತ್ಮನಿಗೆ ಅದು ಬೇಕು?

ಚೆನ್ನಕ್ಕನಿಗೆ ಬೇಕಿತ್ತು. ಹಿಂದೆ ಕೂತರೆ ವಾಂತಿ ಬರುತ್ತದೆಂದು ಅವರು ಮೊದಲ ದಿನವೇ ಎದುರು ಸೀಟು ಹಿಡಿದಿದ್ದರು. ಸೆರಗು ಸರಿಮಾಡುವಾಗ ಕೈ ತಾಗಿ ಗುಂಡಿ ತಿರುಗಿತು. ಬಿಸಿ ಗಾಳಿ ಮೊಣಕಾಲಿಗೆ ತಾಗಿದ್ದೇ ತಡ, ವರ್ಷಗಳಿಂದ ಗಂಟಿನೊಳಗೆ ಕೂತು ಹಿಂಡುತ್ತಿದ್ದ ನೋವು ಕರಗಿಹೋಯಿತು. ಅವರಿಗೆ ಅಳು ಬರುವಷ್ಟು ಸುಖವಾಯಿತು.

ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಅಲ್ಲೇ ಇದ್ದದ್ದು ತೊಡಕು. ಸೊಸೆ ಸೇವಂತಿಯ ಅಪ್ಪ, ಕೋಡಿಂಬಾಳದ ದೇರಣ್ಣ, ಗಂಟು ನೋವಿನ ಎಣ್ಣೆಗೆ ಹೆಸರಾದ ನಾಟಿ ವೈದ್ಯ. ಮದುವೆಯ ಚಪ್ಪರದಲ್ಲೇ ಚೆನ್ನಕ್ಕ ಆ ಎಣ್ಣೆಯನ್ನು ಮೂಸಿ ನೋಡಿ, "ಇದು ಗಾಡಿ ಚಕ್ರಕ್ಕೆ ಆದೀತು" ಎಂದು ನಾಲ್ಕು ಜನರೆದುರು ಹೇಳಿಬಿಟ್ಟಿದ್ದರು. ಮದುಮಗಳ ಮುಖ ಬಾಡಿಹೋಗಿತ್ತು. ಈಗ ನೋವೆಂದರೆ ಅದೇ ಎಣ್ಣೆಯ ಮುಂದೆ ತಲೆ ಬಾಗಿಸಬೇಕು. ಅದಕ್ಕಿಂತ ಕುಂಟುವುದೇ ಮೇಲೆಂದು, ಕೇಳಿದವರಿಗೆಲ್ಲ "ನನಗೆಂತ ನೋವು? ಕಲ್ಲಿನ ಹಾಗೆ ಉಂಟು ಕಾಲು" ಎನ್ನುತ್ತಿದ್ದರು.

ಹೀಗೆ ಚೆನ್ನಕ್ಕನ ತಿರುಗಾಟ ಶುರುವಾಯಿತು. ಯಾರ ಮನೆಯ ಬಾಣಂತಿ, ಯಾರ ಮನೆಯ ಹೊಸ ದನ, ಎಲ್ಲವನ್ನೂ ನೋಡಲು ಕಾರು ಹತ್ತಿದರು. ಬೆಳ್ಯಪ್ಪ ಬೆವರಿನಲ್ಲಿ ತೊಯ್ದು ಫ್ಯಾನು ನಿಲ್ಲಿಸುತ್ತಿದ್ದ. ಮುಂದಿನ ತಿರುವಿನಲ್ಲಿ, ಅವನ ಕಣ್ಣು ರಸ್ತೆಯ ಮೇಲಿರುವಾಗ, ಸೆರಗಿನಡಿಯಿಂದ ಒಂದು ಕೈ ಹೋಗಿ ಬರುತ್ತಿತ್ತು. ಮತ್ತೆ ಕಿರ್ರ್!

ಪುತ್ತೂರಿನ ಮೆಕ್ಯಾನಿಕ್ ಅದ್ರಾಮ ಸ್ವಿಚ್ಚು ಬದಲಿಸಿದ, ವಯರು ಬದಲಿಸಿದ. ಅವನ ವರ್ಕ್‌ಶಾಪಿನಲ್ಲಿ ಮಾತ್ರ ಫ್ಯಾನು ಒಮ್ಮೆಯೂ ತನ್ನಷ್ಟಕ್ಕೆ ತಿರುಗಲಿಲ್ಲ.

"ಇಲ್ಲಿ ಸರಿ ಉಂಟಲ್ಲ ಗೌಡ್ರೆ, ನಾನು ಎಂತ ಮಾಡುದು?"

"ಅವ್ವ ಕೂತ್ರೆ ಶುರು ಆಗ್ತದೆ ಮಾರಾಯ!"

"ಹಾಗಾದ್ರೆ ಭಾರ ಬಿದ್ದು ವಯರು ತಾಗುದಾಗಿರ್ಬೇಕು" ಎಂದು ಅದ್ರಾಮ ಸೀಟಿನ ಅಡಿಯನ್ನೂ ಬಿಚ್ಚಿ ನೋಡಿದ. ಭಾರವಂತೆ ಭಾರ! ಚೆನ್ನಕ್ಕ ಸಿಟ್ಟನ್ನು ನುಂಗಿಕೊಂಡರು. ಕೊನೆಗೆ ಬೆಳ್ಯಪ್ಪ, "ಸೋಮವಾರ ತರ್ತೇನೆ. ಆ ಪೆಟ್ಟಿಗೆಯನ್ನೇ ಕಿತ್ತು ತೆಗಿ" ಎಂದುಬಿಟ್ಟ. ಚೆನ್ನಕ್ಕನ ಕೈ ತಾನಾಗಿ ಮೊಣಕಾಲಿಗೆ ಹೋಯಿತು.

ಮಗಳನ್ನು ನೋಡಲು ಬಂದಿದ್ದ ದೇರಣ್ಣ ಆ ಸೋಮವಾರ ತಾನೂ ಪುತ್ತೂರಿಗೆ ಬರುತ್ತೇನೆಂದರು. ಬೀಗರಿಗೆ ಎದುರು ಸೀಟು ಬಿಡದಿದ್ದರೆ ಮರ್ಯಾದೆಯಲ್ಲ. ಹಿಂದೆ ಸೇವಂತಿಯ ಪಕ್ಕದಲ್ಲಿ ಕೂತ ಚೆನ್ನಕ್ಕನಿಗೆ, ಕಡೆಯ ದಿನವೂ ತನಗೆ ಆ ಬಿಸಿ ದಕ್ಕಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಜಾಲ್ಸೂರು ದಾಟಿದ್ದಷ್ಟೇ. ಕಿರ್ರ್!

"ನೋಡಿ ಮಾವ, ಇದೇ ಉಪದ್ರ!" ಎಂದು ಬೆಳ್ಯಪ್ಪ ಅದನ್ನು ನಿಲ್ಲಿಸಿದ.

ಚೆನ್ನಕ್ಕ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು. ಹಾಗಾದರೆ ಅದು ನಿಜವಾಗಿಯೂ ತನ್ನಷ್ಟಕ್ಕೇ ತಿರುಗುತ್ತದೆಯೇ? ಕತ್ತು ಚಾಚಿ ನೋಡಿದರು. ದೇರಣ್ಣ ಒಂದು ಕೈಯಲ್ಲಿ ಮುಖ ಒರೆಸುತ್ತಿದ್ದರು. ಇನ್ನೊಂದು ಕೈ ಶಾಲಿನಡಿಯಿಂದ ಮೆಲ್ಲನೆ ಗುಂಡಿಯ ಕಡೆಗೆ ಹೊರಟಿತ್ತು. ಫ್ಯಾನು ತಿರುಗಿತು. ದೇರಣ್ಣ ಎರಡೂ ಮೊಣಕಾಲುಗಳನ್ನು ಪೆಟ್ಟಿಗೆಗೆ ಒಡ್ಡಿ ಕಣ್ಣು ಮುಚ್ಚಿದರು. ಆ ಮುಖದ ಸುಖ ಚೆನ್ನಕ್ಕನಿಗೆ ಚೆನ್ನಾಗಿ ಪರಿಚಯವಿತ್ತು.

ಅಂದರೆ ವೈದ್ಯರ ಎಣ್ಣೆ ವೈದ್ಯರ ಕಾಲಿಗೇ ಹಿಡಿದಿಲ್ಲ! ಚೆನ್ನಕ್ಕನ ನಾಲಿಗೆ ತುರಿಸಿತು. ಮಾತು ತುಟಿಯವರೆಗೆ ಬಂದಾಗ ಪಕ್ಕದಲ್ಲಿ ಸೇವಂತಿ ಪಿಸುಗುಟ್ಟಿದಳು.

"ಈ ಪ್ರಾಯದಲ್ಲೂ ಅಪ್ಪನಿಗೆ ಕಾಲು ನೋವು ಅಂತ ಇಲ್ಲ ಅತ್ತೆ. ದಿನಾ ಅದೇ ಎಣ್ಣೆ ಹಚ್ಚುದು."

ಆ ಹುಡುಗಿಯ ಹೆಮ್ಮೆ ನೋಡಿ ಚೆನ್ನಕ್ಕನಿಗೆ ಮದುವೆ ಚಪ್ಪರದ ಬಾಡಿದ ಮುಖ ನೆನಪಾಯಿತು. ಪಾಪ ಅನ್ನಿಸಿತು. ಬಂದ ಮಾತನ್ನು ಹಾಗೆಯೇ ನುಂಗಿದರು.

ವರ್ಕ್‌ಶಾಪಿನಲ್ಲಿ ಅದ್ರಾಮ ಸ್ಪ್ಯಾನರ್ ಹಿಡಿದು ಬಗ್ಗಿದ್ದೇ ತಡ, ದೇರಣ್ಣ ಕೆಮ್ಮಿದರು. "ಹುಟ್ಟುವಾಗಲೇ ಇದ್ದ ಅಂಗ ಕೀಳುದು ಸರಿಯಲ್ಲ ಅಳಿಯಂದ್ರೆ. ಮತ್ತೆ ನಿಮ್ಮ ದೇಹಕ್ಕೆ ಬೆವರು ಹೋಗುದು ಒಳ್ಳೆದು."

"ದೇರಣ್ಣ ಹೇಳುದು ಸರಿ" ಎಂದರು ಚೆನ್ನಕ್ಕ.

ಬೆಳ್ಯಪ್ಪ ಒಮ್ಮೆ ತಾಯಿಯನ್ನು, ಒಮ್ಮೆ ಮಾವನನ್ನು ನೋಡಿದ. ಮದುವೆಯಾದಂದಿನಿಂದ ಈ ಇಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಅವನು ಕಂಡಿರಲಿಲ್ಲ. ಮಾವನಿಗೆ ಎದುರಾಡುವ ಧೈರ್ಯವೂ ಇಲ್ಲ. "ಆದ್ರೆ ಆ ಕಿರಿಕಿರಿ ಶಬ್ದ..." ಎಂದು ಗೊಣಗಿದ.

"ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ರೆ ಸಾಕು" ಎಂದ ಅದ್ರಾಮ.

ಚೆನ್ನಕ್ಕ ಬೀಗರ ಕಡೆ ತಿರುಗಿ, ಸೊಸೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು. "ದೇರಣ್ಣ, ನಿಮ್ಮ ಎಣ್ಣೆ ಒಂದು ಕುಪ್ಪಿ ಕೊಡಿ. ನನಗೆ ಗಂಟು ನೋವುಂಟು."

ಸೇವಂತಿಯ ಮುಖ ಅರಳಿತು. ಅವಳೂ ಬೆಳ್ಯಪ್ಪನೂ ಚಹಾ ಹೇಳಲು ಹೋಟೆಲಿನ ಕಡೆ ಹೋದ ಮೇಲೆ ದೇರಣ್ಣ ಚೀಲದಿಂದ ಕುಪ್ಪಿ ತೆಗೆದರು. ಕೊಡುವಾಗ ಕೈ ಹಿಂದುಮುಂದಾಯಿತು.

"ಅಕ್ಕ, ಇದು ಕಾಲಿಗೆ ಅಷ್ಟು..."

"ಎಲ್ಲಿಗೆ ಆಗ್ತದೆ ಅಂತ ನಂಗೆ ಗೊತ್ತುಂಟು" ಎಂದ ಚೆನ್ನಕ್ಕ, ಕುಪ್ಪಿಯನ್ನು ನೇರ ಅದ್ರಾಮನ ಕೈಗೆ ಕೊಟ್ಟರು. ದೇರಣ್ಣ ಮೊದಲು ಬೆಪ್ಪಾದರು, ಆಮೇಲೆ ಶಾಲು ಬಾಯಿಗೆ ಒತ್ತಿಕೊಂಡು ನಕ್ಕರು.

ದೇರಣ್ಣ ಬಸ್ಸು ಹಿಡಿದು ಕಡಬದ ಕಡೆಯ ತಮ್ಮ ಊರಿಗೆ ಹೋದರು. ಹಿಂದಿರುಗುವಾಗ ಎದುರು ಸೀಟು ಮತ್ತೆ ಚೆನ್ನಕ್ಕನದ್ದಾಯಿತು. ಬೆಳ್ಯಪ್ಪ ಹಣೆ ಒರೆಸಿಕೊಂಡು, "ಫ್ಯಾನಿನ ಶಬ್ದವೇ ಇಲ್ಲ, ನಿಂತೇಹೋಗಿದೆ. ಆದ್ರೂ ಎಂತ ಸೆಕೆ ಮಾರಾಯ್ರೆ!" ಎಂದ.

ಹಿಂದಿನಿಂದ ಸೇವಂತಿ ಕೇಳಿದಳು. "ಅತ್ತೆ, ಅಪ್ಪನ ಎಣ್ಣೆಯಿಂದ ಗುಣ ಉಂಟಾ?"

ಚೆನ್ನಕ್ಕ ಬೆಚ್ಚನೆಯ ಗಾಳಿಗೆ ಕಾಲು ನೀಡಿ ಕಣ್ಣು ಮುಚ್ಚಿದರು.

"ಉಂಟು ಮಗಾ. ಅಂದು ಚಪ್ಪರದಲ್ಲಿ ನಾನು ಬಾಯಿಗೆ ಬಂದದ್ದು ಹೇಳಿದ್ದು. ಒಳ್ಳೆ ಎಣ್ಣೆ."